ಅಳತೆ ರವಿಕೆ

ಕಾರು ಕೊಂಡಿದ್ದು ಕಾಕ್ಸ್‌ಟೌನಿನ ಕ್ಲಿಫರ್ಡನಿಂದ,
ಹದಿಮೂರು ವರ್ಷದ ಸ್ಯಾಂಟ್ರೊ, ಬೂದಿ ಬಣ್ಣ,
ಹಿಂದಿನ ಸೀಟಿನ ಸಂದಿಯಲ್ಲಿ ಒಣಗಿದ ಮೋಸಂಬಿ ಬೀಜ.
ಕೀಲಿ ಕೊಡುವಾಗ ಅಂದ: "ಹಂಪು ಬಂದರೆ ಮೆಲ್ಲಗೆ, ಆಂಟಿ."
ಎಲ್ಲರೂ ಹೇಳುವ ಮಾತು. ಕಿವಿಗೆ ಹಾಕಿಕೊಳ್ಳಲಿಲ್ಲ.

ಸ್ಟೀರಿಂಗು ಪೂರ್ತಿ ತಿರುಗಿಸಿದರೆ ಮುಂದಿನ ಚಕ್ರ
ಮಡ್‌ಗಾರ್ಡಿನ ಒಳಮೈಗೆ ಉಜ್ಜಿ ಗರಗರ ಅನ್ನುತ್ತಿತ್ತು,
ಕಂಕುಳು ಬಿಗಿದ ರವಿಕೆ ತೊಟ್ಟವಳು
ಬಸ್ಸಿನ ಸರಳಿಗೆ ಕೈ ಎತ್ತಿದ ಹಾಗೆ.
ಮೂವತ್ತೊಂದು ವರ್ಷ ಗುಟ್ಟಹಳ್ಳಿಯಲ್ಲಿ ಹೊಲಿದವಳಿಗೆ
ಆ ಸದ್ದು ತಿಳಿಯದೇ?

ಟಯರು ಹೇಗೂ ಸವೆದಿದ್ದವು. ಜೆ.ಸಿ. ರಸ್ತೆಯ ಅಂಗಡಿ ಮುಂದೆ
ನಾನೇ ಬಗ್ಗಿ, ಪಕ್ಕೆಯ ಮೇಲಿನ ಅಂಕಿ ಓದಿದೆ:
ನೂರ ಎಪ್ಪತ್ತೈದು, ಎಪ್ಪತ್ತು, ಆರ್ ಹದಿಮೂರು.
ಇಂಥದ್ದೇ ನಾಲ್ಕು ಕೊಡಿ.

ಇಲಿಯಾಸ್ ಸಾಬರು ಟಯರಿನ ಕಡೆ ನೋಡಲೇ ಇಲ್ಲ.
ಡ್ರೈವರ್ ಬಾಗಿಲು ತೆಗೆದು, ಕಂಬದ ಧೂಳನ್ನು
ಹೆಬ್ಬೆರಳಲ್ಲಿ ಒರೆಸಿದರು. ಒಳಗೆ ಒಂದು ಮಾಸಿದ ಚೀಟಿ.
"ಕಾರಿನ ಅಳತೆ ಇಲ್ಲಿರ್ತದೆ ಮೇಡಂ. ನೂರ ಐವತ್ತೈದು.
ನೀವು ಓದಿದ್ದು ಮುಂಚಿನವರ ಶೋಕಿ."

ನಾಚಿಕೆಯಾಯಿತು.
ದಿನಕ್ಕೆ ಹತ್ತು ಜನ ಅಳತೆ ರವಿಕೆ ಅಂತ ತಂದು ಕೊಡುತ್ತಾರೆ.
ಅಕ್ಕನದ್ದು, ಬಾಣಂತನಕ್ಕೆ ಮುಂಚಿನದ್ದು,
ಇನ್ನೊಬ್ಬ ಟೈಲರು ಕೆಡಿಸಿದ್ದು.
ಅದನ್ನು ಪಕ್ಕಕ್ಕಿಟ್ಟು, "ಕೈ ಎತ್ತಮ್ಮ" ಅಂದು
ಮೈಗೇ ಟೇಪು ಹಿಡಿಯುವವಳು ನಾನು.

ನೂರ ಐವತ್ತೈದು ಸ್ಟಾಕಿರಲಿಲ್ಲ. ಕಲಾಸಿಪಾಳ್ಯಕ್ಕೆ ಹುಡುಗನನ್ನು ಅಟ್ಟಿ
ಸಾಬರು ಚಹಾ ತರಿಸಿದರು, ಲೆಕ್ಕ ಬಿಡಿಸಿದರು:
ಮೊದಲನೆಯದು ಅಗಲ, ಮಿಲಿಮೀಟರಿನಲ್ಲಿ.
ಎಪ್ಪತ್ತು ಅನ್ನೋದು ಎತ್ತರ ಅಲ್ಲ, ಅಗಲದ ನೂರರಲ್ಲಿ ಎಪ್ಪತ್ತು,
ಅದಕ್ಕೇ ಅಗಲ ಹೆಚ್ಚಿಸಿದರೆ ಎತ್ತರವೂ ಕೇಳದೆ ಬೆಳೆಯುತ್ತದೆ.
(ಎದೆ ಸುತ್ತಳತೆ ಬದಲಾದರೆ ತೋಳಿನ ಗುಂಡಿ ಸುಮ್ಮನಿರುತ್ತದೆಯೇ.)
ದೊಡ್ಡ ಚಕ್ರ ಒಂದು ಸುತ್ತಿಗೆ ಹೆಚ್ಚು ನೆಲ ನುಂಗುತ್ತದೆ,
ಮೀಟರಿಗೆ ಅದು ಗೊತ್ತಿಲ್ಲ.
ಅದು ನೂರು ಅಂದಾಗ ರಸ್ತೆ ನೂರ ಐದಾಗಿರುತ್ತದೆ.

ಹುಡುಗ ಬರುವಷ್ಟರಲ್ಲಿ ಮೂರು ಚಹಾ.
ತಯಾರಾದ ವಾರ, ವರ್ಷ ನೋಡಿ ತೆಗೆದುಕೊಂಡೆ,
ಹಳೇ ಥಾನಿನ ಬಟ್ಟೆ ನನಗೆ ಯಾರೂ ಮಾರಲಾರರು.
ಟೌನ್‌ಹಾಲ್ ಮುಂದೆ ತಿರುವಿದೆ. ಗರಗರ ಇಲ್ಲ.
ಒಂದು ಎಳೆ ಸಡಿಲ ಇಲ್ಲದೆ ಕೂತ ಹೊಲಿಗೆ.
ಪಕ್ಕದಲ್ಲಿ ದಾಕ್ಷಿ, ಮಡಿಲ ತುಂಬ ಫಾಲ್ಸ್ ಹಾಕಬೇಕಾದ ಸೀರೆಗಳು,
"ಅಕ್ಕಾ, ಹೊಸಾ ಕಾರೇ ಆಗೋಯ್ತು" ಅಂದಳು.

ನಮ್ಮ ಗಲ್ಲಿಯಲ್ಲಿ ಐದು ಹಂಪು.
ಎರಡು ಕಾರ್ಪೊರೇಷನ್‌ನವರದು, ಮೂರು
ಉಳಿದ ಸಿಮೆಂಟಿನಲ್ಲಿ ಜನರೇ ಎಬ್ಬಿಸಿದ್ದು.
ಮೊದಲನೆಯದಕ್ಕೇ ಹೊಟ್ಟೆ ತಗುಲಿತು.
ಕಬ್ಬಿಣ ನೆಲ ಕೆರೆದ ಸದ್ದು ನನ್ನ ಹಲ್ಲಿಗೆ ಬಂತು.
ಟಯರು ಚಿಕ್ಕದಾದದ್ದಕ್ಕೆ ಕಾರು ಅರ್ಧ ಇಂಚು ತಗ್ಗಿತ್ತು.

ಆಗ ನೆನಪಾಯಿತು ಕ್ಲಿಫರ್ಡನ ಮನೆಯ ಬಾಗಿಲ ಹಿಂದೆ
ಗೋಡೆಗೆ ಒರಗಿಸಿದ್ದ ವಾಕರು,
ಹಿಡಿಗೆ ಸುತ್ತಿ ಹೊಲಿದ ಫ್ಲಾನೆಲ್ ಚಿಂದಿ.
ಗಂಡಸಿನ ಕೈಹೊಲಿಗೆ, ದಪ್ಪ ದಪ್ಪ, ವಕ್ರ,
ಗಂಟು ಮಾತ್ರ ಅಂಗೈಗೆ ಒತ್ತದ ಹಾಗೆ ಹೊರಮೈಗೆ.
ದುಡ್ಡು ಎಣಿಸುವಾಗಲೂ ನನ್ನ ಕಣ್ಣು ಅದರ ಮೇಲೇ ಇತ್ತು,
ಯಾರದ್ದು ಅಂತ ಕೇಳಲಿಲ್ಲ.

ಎತ್ತರದ ಟಯರು ಮೆತ್ತಗಿರುತ್ತದಂತೆ.
ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೋದರೆ
ಬೆನ್ನುಮೂಳೆಗೆ ಒಂದೊಂದು ಹಂಪೂ ಅಷ್ಟಷ್ಟು ಕಡಿಮೆ.
ಇರಬಹುದು. ಬರೀ ಶೋಕಿಯೂ ಇರಬಹುದು.
ಮೀಟರಿಗೆ ಬರದೆ ಓಡಿದ ಆ ನೂರಕ್ಕೆ ಐದು
ಯಾವ ಆಸ್ಪತ್ರೆಯ ದಾರಿಯಲ್ಲಿ ಹೋಯಿತೋ.

ಚೀಟಿಯ ಅಳತೆ ತಪ್ಪಲ್ಲ. ಟಯರು ವಾಪಸು ಕೊಡುವುದಿಲ್ಲ.
ಎರಡನೇ ಹಂಪು ಬಂತು. ನಿಲ್ಲಿಸಿದೆ.
ದಾಕ್ಷಿ ಸೀರೆಗಂಟು ಎದೆಗೆ ಅವುಚಿಕೊಂಡು ಇಳಿದಳು,
ನಾನು ಖಾಲಿ ಕಾರನ್ನು ಓರೆಯಾಗಿ, ಒಂದೊಂದೇ ಚಕ್ರ ದಾಟಿಸಿದೆ,
ಅವಳು ನಾಲ್ಕು ಹೆಜ್ಜೆ ನಡೆದು ಬಂದು ಹತ್ತಿದಳು.
ಇನ್ನೂ ಮೂರು ಇವೆ, ಬಾಗಿಲು ಜೋರಾಗಿ ಹಾಕಬೇಡ ಅಂದೆ.